ಬ್ರಹ್ಮಪುರದ ವಾಡೆಯ ಬಣ್ಣದ ಗಾಜು: ಒಡೆದರೆ ಯಾರ ಹೊಣೆ?

ಕಲಬುರಗಿಯ ಬ್ರಹ್ಮಪುರದಲ್ಲಿ ನಿಜಾಮರ ಕಾಲದ ಒಂದು ವಾಡೆ. ಎರಡು ಅಂತಸ್ತು, ನಡುವೆ ಅಂಗಳ, ಸಾಗವಾನಿ ಚೌಕಟ್ಟಿನ ಎತ್ತರದ ಕಿಟಕಿಗಳು. ಬಾಗಿಲುಗಳ ಮೇಲಿನ ಕಮಾನುಗಳಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಗಾಜು. ಏಪ್ರಿಲ್ ಕೊನೆಯಲ್ಲಿ ಮೊಮ್ಮಗಳ ಮದುವೆ ಇತ್ತು. ಗೋಡೆಗೆ ಬಣ್ಣ ಆಗಿತ್ತು, ಗಾಜು ಮಾತ್ರ ವರ್ಷಗಟ್ಟಲೆ ಧೂಳು ಕುಡಿದು ಮಂಕಾಗಿ ನಿಂತಿತ್ತು. ನಮ್ಮದು ಮನೆ, ಅಂಗಡಿ, ಆಫೀಸುಗಳ ಕಿಟಕಿ ತೊಳೆಯುವ ಸಣ್ಣ ತಂಡ. ನೋಡಿ ದರ ಹೇಳಿ ಅಂತ ನಮ್ಮನ್ನು ಕರೆದರು.

ಈ ಕೆಲಸದ ಕತೆಯನ್ನು ಪೂರ್ತಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಹಳೇ ಮನೆ ಅಂದ ತಕ್ಷಣ ನಮ್ಮ ಕಸುಬಿನವರು ಕೆಲವರು ಹೆದರಿ ಕೆಲಸವನ್ನೇ ಬಿಡುತ್ತಾರೆ. ಇನ್ನು ಕೆಲವರು ಬಿಲ್ಲಿನ ಕೆಳಗೆ "ಒಡೆದರೆ ನಾವು ಜವಾಬ್ದಾರರಲ್ಲ" ಅಂತ ಒಂದು ಸಾಲು ಬರೆದು, ಅದೇ ಧೈರ್ಯದ ಮೇಲೆ ಏಣಿ ಹಾಕಿಬಿಡುತ್ತಾರೆ. ಎರಡನೆಯವರೇ ಜಾಸ್ತಿ ಅಪಾಯದಲ್ಲಿರುವುದು. ಆ ಒಂದು ಸಾಲು ಯಾರನ್ನೂ ಕಾಯುವುದಿಲ್ಲ. ಒಂದೊಂದು ಗಾಜನ್ನೂ ಮನೆಯವರ ಜೊತೆ ನಿಂತು ನೋಡಿ ಬರೆದ ಪಟ್ಟಿ ಕಾಯುತ್ತದೆ. ಈ ವಾಡೆಯಲ್ಲಿ ಕೊನೆಗೆ ಒಂದು ಹಸಿರು ಗಾಜು ಬಿರುಕು ಬಿಟ್ಟಿತು, ಮದುವೆ ಮನೆಯ ಗದ್ದಲದಲ್ಲಿ ಬೆರಳು ನಮ್ಮ ಕಡೆಗೇ ತಿರುಗಿತು. ಆದರೂ ಜಗಳ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಇಲ್ಲಿನ ವಿಷಯ.

ಮೊದಲು ದರದ ಮಾತು. ಬೇರೊಬ್ಬರು ನಮ್ಮ ಅರ್ಧ ದರಕ್ಕೆ, ಆಸಿಡ್ ಹಾಕಿ ಒಂದೇ ದಿನದಲ್ಲಿ ಫಳಫಳ ಮಾಡಿಕೊಡುತ್ತೇವೆ ಅಂದಿದ್ದರಂತೆ. ಮನೆಯ ಹಿರಿಯರನ್ನು ಓಣಿಯವರೆಲ್ಲ ಕಾಕಾ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಅವರಿಗೆ ಕಿಟಕಿಯ ಕೆಳಗಿನ ಕಲ್ಲನ್ನು ತೋರಿಸಿದೆ. ಅದು ಶಹಾಬಾದ್ ಕಲ್ಲು. ನಮ್ಮ ಜಿಲ್ಲೆಯವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ, ಆದರೆ ಅದು ಸುಣ್ಣದ ಕಲ್ಲು ಅನ್ನುವುದನ್ನು ತೊಳೆಯುವಾಗ ಎಲ್ಲರೂ ಮರೆಯುತ್ತಾರೆ. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಗಾಜಿಗೆ ಏನೂ ಮಾಡುವುದಿಲ್ಲ ನಿಜ. ಆದರೆ ಕೆಳಗೆ ಸೋರಿ ಕಲ್ಲಿನ ಮೇಲೆ ಬಿದ್ದರೆ ಬುಸ್ ಅಂತ ನೊರೆ ಬಂದು ಆ ಜಾಗ ಒರಟಾಗುತ್ತದೆ. ಕಬ್ಬಿಣದ ಸರಳಿಗೆ ತಾಗಿದರೆ ತುಕ್ಕು ಹಿಡಿಯುತ್ತದೆ. ಗಾಜನ್ನು ಹಿಡಿದುಕೊಂಡಿರುವ ಹಳೇ ಪುಟ್ಟಿ ಇದೆಯಲ್ಲ, ಅದು ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಮಾಡಿದ್ದು. ಆ ಸುಣ್ಣವನ್ನೂ ಆಸಿಡ್ ತಿನ್ನುತ್ತದೆ. ತೊಳೆದ ದಿನ ಗಾಜು ಚೆನ್ನಾಗಿಯೇ ಕಾಣುತ್ತದೆ, ಮುಂದಿನ ಮಳೆಗಾಲದ ಗಾಳಿಗೆ ಉದುರುತ್ತದೆ. ಅಷ್ಟು ಹೊತ್ತಿಗೆ ತೊಳೆದವರು ಎಲ್ಲಿರುತ್ತಾರೋ! ಕಾಕಾ ಆ ಕಲ್ಲಿನ ಮೇಲೆ ಕೈಯಾಡಿಸಿ, "ಆಸಿಡ್ ಮಾತೇ ಬ್ಯಾಡ್ರಿ" ಅಂದರು. ದರದ ಚೌಕಾಸಿ ಅಲ್ಲಿಗೆ ಮುಗಿಯಿತು.

ಆಮೇಲೆ ಕಿಟಕಿ ನೋಡುವ ಕೆಲಸ. ಇದಕ್ಕೆ ತೊಳೆಯುವಷ್ಟೇ ಹೊತ್ತು ಹಿಡಿಯುತ್ತದೆ, ಇದಕ್ಕೂ ದುಡ್ಡು ಕೇಳಬೇಕು, ನಾವು ಕೇಳಿದೆವು. ಸುಮ್ನೆ ಮಾಡಿಕೊಟ್ಟರೆ ಅವಸರದಲ್ಲಿ ಮುಗಿಸಿಬಿಡುತ್ತೇವೆ ಅಲ್ವಾ? ಬೆಳಕು ಓರೆಯಾಗಿ ಬೀಳುವ ಹಾಗೆ ಟಾರ್ಚ್ ಹಿಡಿದರೆ ಕೂದಲೆಳೆ ಬಿರುಕೂ ಕಾಣುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಸಡಿಲ ಇರುವ ಗಾಜು ಖಟ್ ಅನ್ನುತ್ತದೆ. ಎಷ್ಟೋ ಕಡೆ ಪುಟ್ಟಿ ಪೂರ್ತಿ ಉದುರಿ, ಗಾಜು ಎರಡು ಸಣ್ಣ ಮೊಳೆಗಳ ಮೇಲೆ ಸುಮ್ಮನೆ ಕೂತಿತ್ತು. ಉತ್ತರ ಕಡೆಯ ಎರಡು ಚೌಕಟ್ಟುಗಳ ಬುಡಕ್ಕೆ ಗೆದ್ದಲು ಹತ್ತಿತ್ತು. ಮೂಲೆಯಲ್ಲಿ ಚಕ್ಕೆ ಎದ್ದಿದೆಯಾ ಅನ್ನುವುದನ್ನು ತಪ್ಪದೆ ನೋಡಬೇಕು, ಯಾಕೆಂದರೆ ಬಿರುಕು ಶುರುವಾಗುವುದು ಸಾಮಾನ್ಯವಾಗಿ ಅಂಚಿನ ಗಾಯದಿಂದಲೇ.

ಗುರುತಿಗೆ ನಂಬರ್ ಹಾಕುವಾಗ ಟೇಪ್ ಅಂಟಿಸಲಿಲ್ಲ. ಟೇಪ್ ಕಿತ್ತರೆ ಹಳೇ ಬಣ್ಣವೂ ಜೊತೆಗೆ ಏಳುತ್ತದೆ. ಕಾಗದದ ಚೀಟಿಗೆ ದಾರ ಪೋಣಿಸಿ ಸರಳಿಗೆ ಕಟ್ಟಿದೆವು. ನಂಬರ್ ಕಾಣುವ ಹಾಗೆ ಪ್ರತಿ ಕಿಟಕಿಯ ಫೋಟೋ ತೆಗೆದೆವು. ಅದಾದ ಮೇಲೆ ಕಾಕಾ ಅವರನ್ನೇ ಜೊತೆಗೆ ಕರೆದುಕೊಂಡು ಒಂದು ವಿಡಿಯೋ. ಕಿಟಕಿಯಿಂದ ಕಿಟಕಿಗೆ ನಡೆಯುತ್ತಾ ಅವರು ತಮ್ಮ ಬಾಯಿಂದಲೇ "ಈ ಬಿರುಕು ಮೊದಲಿಂದ್ಲೂ ಅದ", "ಇದು ನಮ್ಮ ತಮ್ಮ ಸಣ್ಣಾವಿದ್ದಾಗ ಚೆಂಡ್ ಹೊಡದದ್ದು" ಅಂತ ಹೇಳುತ್ತಾ ಬಂದರು. ನಾವು ತೆಗೆದ ನೂರು ಫೋಟೋಗಿಂತ ಮನೆಯವರ ದನಿ ಇರುವ ಇಂಥ ಒಂದು ವಿಡಿಯೋಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಹೀಗೆ ನೋಡಿದ ಮೇಲೆ ಗಾಜುಗಳನ್ನು ಮೂರು ಗುಂಪು ಮಾಡಿದೆವು. ಗಟ್ಟಿ ಇದ್ದವನ್ನು ನೀರಿನಿಂದ ತೊಳೆಯುವುದು. ಸಡಿಲ ಇದ್ದವನ್ನು ಮೆತ್ತನೆ ಬ್ರಷ್ಷು, ಒಣ ಬಟ್ಟೆಯಿಂದ ಧೂಳು ತೆಗೆದು ಬಿಡುವುದು. ಇನ್ನು ಕೆಲವನ್ನು ಮುಟ್ಟುವುದೇ ಇಲ್ಲ.

ಮುಟ್ಟದ ಗುಂಪಿನಲ್ಲಿ ಮೆಟ್ಟಿಲಿನ ಹತ್ತಿರದ ಒಂದು ಗಾಜಿತ್ತು. ಒಳಗಡೆಯಿಂದ ಹೂಬಳ್ಳಿ, ನವಿಲು ಬರೆದಿದ್ದರು. ಗಾಜಿನ ಮೇಲೆ ಬಣ್ಣ ಬರೆದು ಭಟ್ಟಿಯಲ್ಲಿ ಸುಟ್ಟಿದ್ದರೆ ಅದು ಗಾಜಿಗೆ ಬೆಸೆದುಕೊಂಡು ಗಟ್ಟಿಯಾಗಿರುತ್ತದೆ. ಸುಡದೆ ಬರೀ ಬಣ್ಣ ಹಚ್ಚಿದ್ದರೆ ಒದ್ದೆ ಬಟ್ಟೆಗೂ ಎದ್ದು ಬರಬಹುದು, ಅಮೋನಿಯಾ ಇರುವ ಅಂಗಡಿ ಸ್ಪ್ರೇ ತಾಗಿದರೆ ಕೇಳುವುದೇ ಬೇಡ. ಕಾಕಾ ಎದುರಿಗೇ, ಕಣ್ಣಿಗೆ ಬೀಳದ ಒಂದು ಅಂಚಿನಲ್ಲಿ ಹತ್ತಿ ಕಡ್ಡಿಯನ್ನು ಒದ್ದೆ ಮಾಡಿ ಮುಟ್ಟಿಸಿ ನೋಡಿದೆವು. ಹತ್ತಿ ತಿಳಿ ಹಸಿರಾಯಿತು. ಅಲ್ಲಿಗೆ ನಮ್ಮ ತೀರ್ಮಾನ ಆಯಿತು.

ಬೆಂಗಳೂರಿನಲ್ಲಿರುವ ಮಗ ಮಾತ್ರ ಒಪ್ಪಲಿಲ್ಲ. ಫೋಟೋ ತೆಗೆಯುವವರು ಅದೇ ಮೆಟ್ಟಿಲ ಮೇಲೆ ಮದುಮಗಳನ್ನು ನಿಲ್ಲಿಸುತ್ತಾರಂತೆ. "ಅಣ್ಣಾ, ನಾ ಹೇಳ್ಲತ್ತೀನಿ, ಮಾಡ್ರಿ. ಏನರೆ ಆದ್ರ ನಾ ನೋಡ್ಕೋತೀನಿ" ಅಂತ ಫೋನಿನಲ್ಲಿ ಹೇಳಿದರು. ಅದೇ ಹೊತ್ತಿಗೆ ಕಾಕಾ ಅವರ ಅತ್ತಿಗೆ, ಮನೆಯವರೆಲ್ಲ ದೊಡ್ಡವ್ವ ಅನ್ನುವವರು, ಒಳಗಿಂದ ಬಂದು, "ಅದಕ್ಕ ನೀರ್ ಹಚ್ಚಬ್ಯಾಡ ತಮ್ಮಾ. ನಮ್ಮ ಮಾವನೋರು ಹೈದರಾಬಾದಿಂದ ತರಸಿದ್ದದು" ಅಂದರು.

ನಾನು ಇಲ್ಲೇ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯ ಹಳೇ ವಾಡೆಗಳಲ್ಲಿ ನಿಜವಾದ ತೊಡಕು ಬರುವುದು ಇಲ್ಲೇ. ಮನೆ ಪಾಲಾಗಿರುವುದಿಲ್ಲ. ಕೆಲಸ ಹೇಳುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ಆಸ್ತಿಯಲ್ಲಿ ಹಕ್ಕಿರುವವರು ನಾಲ್ಕಾರು ಜನ. ಒಬ್ಬರು ಫೋನಿನಲ್ಲಿ "ನಾ ನೋಡ್ಕೋತೀನಿ" ಅಂದದ್ದು ಉಳಿದವರನ್ನು ಕಟ್ಟಿಹಾಕುವುದಿಲ್ಲ. ನಾಳೆ ನವಿಲಿನ ಕತ್ತು ಅಳಿಸಿಹೋದರೆ ದೊಡ್ಡವ್ವ ಅವರಿಗೆ ಏನು ಉತ್ತರ ಕೊಡುವುದು? ಆ ಮಾತನ್ನೇ ಮಗನಿಗೆ ಹೇಳಿದೆ, ಅವರು ಸುಮ್ಮನಾದರು. ಕೊನೆಗೆ ಕಾಗದಕ್ಕೆ ಕಾಕಾ, ದೊಡ್ಡವ್ವ ಇಬ್ಬರೂ ಸಹಿ ಹಾಕಿದರು. ನವಿಲಿನ ಗಾಜಿಗೆ ಒಣ ಬ್ರಷ್ಷು ಕೂಡ ಇಲ್ಲ ಅಂತ ಅದರಲ್ಲೇ ಬರೆದೆವು. ಬಣ್ಣದ ಪದರ ಗಟ್ಟಿ ಮಾಡಿಸಬೇಕೆಂದರೆ ಸಂರಕ್ಷಣೆ ಕಲಿತವರೇ ಬೇಕು. ಹಳೇ ಕಟ್ಟಡ, ಕಲೆ ಉಳಿಸುವ ಕೆಲಸ ಮಾಡುವ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ, ಅಲ್ಲಿ ವಿಚಾರಿಸಿ ಅಂತ ಮಗನಿಗೇ ಹೇಳಿದೆ.

ಕಾಗದ ಅಂದೆ. ಕನ್ನಡದಲ್ಲಿ ಬರೆದ ಎರಡು ಪುಟ, ಜೊತೆಗೆ ಗಾಜಿನ ಪಟ್ಟಿ. ಅದನ್ನು ನೋಡಿ ಕಾಕಾ ಅವರಿಗೆ ಸ್ವಲ್ಪ ಬೇಜಾರೇ ಆಯಿತು. "ಯಾಕ್ರಿ ಇಷ್ಟೆಲ್ಲ ಬರಿಲತ್ತೀರಿ? ನಮ್ ಮ್ಯಾಲ ನಂಬಿಕಿ ಇಲ್ಲೇನು?" ಅಂದರು. "ನಂಬಿಕಿ ಅದ ಕಾಕಾ. ನಾಳಿ ಒಂದ್ ಗಾಜ್ ಹೋತಂದ್ರ ನೀವು ನಾವು ಓಣ್ಯಾಗ ಮಾರಿ ತಪ್ಪಿಸ್ಕೊಂಡ್ ತಿರಗೋದು ಬ್ಯಾಡ, ಅದಕ್ಕ" ಅಂದೆ. ಕೂತು ಪೂರ್ತಿ ಓದಿಸಿಕೊಂಡರು.

ಅದರಲ್ಲಿದ್ದ ಮಾತುಗಳು ಇಷ್ಟು. ನಮ್ಮ ಏಣಿ ತಾಗಿ, ಕೈ ಜಾರಿ, ಒಪ್ಪಿಕೊಂಡ ವಿಧಾನ ಬಿಟ್ಟು ಬೇರೆ ಏನೋ ಮಾಡಿ ಒಡೆದರೆ ನಾವೇ ಕೊಡುತ್ತೇವೆ. ಪಟ್ಟಿಯಲ್ಲಿ "ಸಡಿಲ" ಅಥವಾ "ಬಿರುಕು" ಅಂತ ಬರೆದ ಗಾಜು, ಒಪ್ಪಿಕೊಂಡ ವಿಧಾನದಲ್ಲೇ ಕೆಲಸ ಮಾಡುವಾಗ ಹೋದರೆ ನಷ್ಟ ಮನೆಯವರದು. ಕೊಡುವುದು ಅಂದರೆ ಏನು ಅನ್ನುವುದನ್ನೂ ಬಿಡಿಸಿ ಬರೆದೆವು: ಪೇಟೆಯಲ್ಲಿ ಸಿಗುವ ಹತ್ತಿರದ ಬಣ್ಣದ ಗಾಜು, ಬಡಗಿಯ ಕೂಲಿ, ಒಟ್ಟಾರೆ ಕೆಲಸದ ಹಣದ ಎರಡು ಪಟ್ಟಿನ ಒಳಗೆ. ಇದು ಯಾಕೆ ಬೇಕು ಅಂದರೆ, ಹಳೇ ಗಾಜಿನಂಥದ್ದೇ ಗಾಜು ಸಿಗುವುದಿಲ್ಲ. ಈಗ ಅಂಗಡಿಯಲ್ಲಿರುವುದು ಫ್ಲೋಟ್ ಗಾಜು, ಕರಗಿದ ತವರದ ಮೇಲೆ ತೇಲಿಸಿ ಮಾಡುವಂಥದ್ದು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಈ ವಿಧಾನವನ್ನು ಹೊರಗೆ ತಂದದ್ದು 1959ರಲ್ಲಿ. ಅದಕ್ಕೂ ಹಿಂದಿನ ಗಾಜಿನಲ್ಲಿ ಸಣ್ಣ ಅಲೆ, ಗುಳ್ಳೆ ಇರುತ್ತದೆ. ಆ ಅಲೆ ಈಗಿನದರಲ್ಲಿ ಬರಲ್ಲ. "ಅದೇ ಥರದ್ದು ಹಾಕಿಕೊಡಿ" ಅಂತ ಬರೆದು ಸಹಿ ಹಾಕಿದವರು ಎಂದೂ ತೀರದ ಸಾಲಕ್ಕೆ ಸಹಿ ಹಾಕಿದ ಹಾಗೆ.

ಕಾನೂನಿನ ಬಲ ಎಷ್ಟು ಅಂತ ವಕೀಲರನ್ನು ಕೇಳಿಯೇ ಈ ನಮೂನೆ ಮಾಡಿಕೊಂಡಿದ್ದೇವೆ. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ಕರಾರು ಮುರಿದವರು ಅದರಿಂದ ಸಹಜವಾಗಿ ಆಗುವ ನಷ್ಟವನ್ನು ಕಟ್ಟಿಕೊಡಬೇಕು, ದೂರದ ಪರೋಕ್ಷ ನಷ್ಟವನ್ನಲ್ಲ. 74ನೇ ಕಲಂ ಪ್ರಕಾರ ಕರಾರಿನಲ್ಲೇ ಒಂದು ಮೊತ್ತ ಹೇಳಿದ್ದರೆ, ಅದನ್ನು ಮೀರದ ಹಾಗೆ ನ್ಯಾಯವಾದ ಪರಿಹಾರ ಸಿಗುತ್ತದೆ. ಆದರೆ "ಏನಾದರೂ ನಾವು ಜವಾಬ್ದಾರರಲ್ಲ" ಅನ್ನುವ ಸಾಲಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅದರಲ್ಲಿ ಸೇವೆಯ ಕೊರತೆಗೆ ಪರಿಹಾರ ಇದೆ, ಗ್ರಾಹಕರ ಹಕ್ಕನ್ನು ಒಂದೇ ಕಡೆಗೆ ಎಳೆಯುವ ಕರಾರನ್ನು ಅನ್ಯಾಯದ ಕರಾರು ಅಂತ ಪ್ರಶ್ನಿಸುವ ದಾರಿಯೂ ಇದೆ. ಸೇವೆಯ ಕೊರತೆಯ ದೂರು ಹಿಡಿದು ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ಹೋಗಬಹುದು. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದ ತನಕ ಸಮಯ ಇದೆ. ಹಾಗಾಗಿ ಮನೆಯವರು ಎಲ್ಲಿಗೆ ಹೋಗುತ್ತಾರೆ ಬಿಡಿ ಅನ್ನುವ ಲೆಕ್ಕ ಬೇಡ.

ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಪಾಲಿಸಿಯ ಹೊರಗಿಡುವ ಪಟ್ಟಿಯನ್ನು ಮೊದಲು ಓದಿ. ದಾರಿಹೋಕರ ಮೇಲೆ ಬಕೆಟ್ ಬಿದ್ದರೆ, ಏಣಿ ಬಿದ್ದು ಪಕ್ಕದವರ ಕಾರಿಗೆ ಪೆಟ್ಟಾದರೆ ಸಾಮಾನ್ಯ ಹೊಣೆಗಾರಿಕೆ ಪಾಲಿಸಿ ನೋಡಿಕೊಳ್ಳುತ್ತದೆ. ನಾವು ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದೇವೋ ಆ ವಸ್ತುವನ್ನೇ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗೆ ಇಟ್ಟಿರುತ್ತವೆ. ಅಂದರೆ ಕೈಯಲ್ಲಿರುವ ಗಾಜಿಗೇ ರಕ್ಷಣೆ ಇಲ್ಲ! ಬೇಕಿದ್ದರೆ ಜಾಸ್ತಿ ಕಂತು ಕಟ್ಟಿ ಅದನ್ನು ಸೇರಿಸಿಕೊಡುತ್ತಾರಾ ಅಂತ ಬರಹದಲ್ಲೇ ಕೇಳಬೇಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಹೆಸರು ಕೇಳಿ ಗೊಂದಲ ಮಾಡಿಕೊಳ್ಳುವವರೂ ಇದ್ದಾರೆ. ಅದು ಅಪಾಯಕಾರಿ ರಾಸಾಯನಿಕಗಳ ಅಪಘಾತಕ್ಕೆ ಸಂಬಂಧಿಸಿದ್ದು, ನಮಗಲ್ಲ. ಏಣಿ ಹತ್ತುವ ಹುಡುಗರಿಗೆ ಬೇರೆಯೇ ಪಾಲಿಸಿ ಮಾಡಿಸಬೇಕು, ಅದನ್ನು ತಪ್ಪಿಸಬೇಡಿ.

ಇನ್ನೊಂದು ಸಣ್ಣ ವಿಷಯ. ಎರಡು ಕಿಟಕಿಯ ಕದಗಳು ಬಿಗಿದುಕೊಂಡಿದ್ದವು, ಬಡಗಿಯಿಂದ ಬಿಚ್ಚಿಸಬೇಕಾಯಿತು. ನಿಮ್ಮ ಅಂಗಡಿಗೇ ಒಯ್ದು ತೊಳೆದು ತನ್ನಿ ಅಂದರು. ಒಯ್ಯಲಿಲ್ಲ, ಅಂಗಳದಲ್ಲೇ ಹಾಸಿಗೆ ಹಾಸಿ ಅದರ ಮೇಲೆ ಮಲಗಿಸಿ ಮಾಡಿದೆವು. ಗೋಡೆಯಲ್ಲಿರುವ ತನಕ ಅದು ಅವರ ಮನೆ. ಬಿಚ್ಚಿ ನಮ್ಮ ಟೆಂಪೋದಲ್ಲಿ ಹಾಕಿಕೊಂಡೆವೋ, ಅದು ನಮ್ಮ ವಶಕ್ಕೆ ಕೊಟ್ಟ ವಸ್ತು. ಅದೇ 1872ರ ಕಾಯ್ದೆಯ 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕ ಇರುವವರು ತಮ್ಮ ಸ್ವಂತ ವಸ್ತುವನ್ನು ಜೋಪಾನ ಮಾಡುವ ಹಾಗೆ ಅದನ್ನು ನೋಡಿಕೊಳ್ಳಬೇಕು. ದಾರಿಯ ಗುಂಡಿಗಳ ಹೊಣೆಯನ್ನೂ ಯಾಕೆ ಹೊತ್ತುಕೊಳ್ಳಬೇಕು?

ಕೆಲಸದ ವಿಧಾನಕ್ಕೆ ಬರುತ್ತೇನೆ, ಹೊಣೆ ಅಡಗಿರುವುದು ವಿಧಾನದಲ್ಲೇ. ಏಪ್ರಿಲ್‌ನಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಮೈಯೊಡ್ಡಿದ ಗಾಜು ಗಾಳಿಗಿಂತಲೂ ಬಿಸಿಯಾಗಿರುತ್ತದೆ, ಗಾಢ ನೀಲಿ, ಹಸಿರು ಗಾಜು ಇನ್ನೂ ಜಾಸ್ತಿ ಶಾಖ ಹೀರುತ್ತದೆ. ಒಂದೇ ಗಾಜಿನ ಬಿಸಿ ಭಾಗಕ್ಕೂ ತಣ್ಣನೆ ಭಾಗಕ್ಕೂ ನಡುವೆ ಸಾಮಾನ್ಯ ಗಾಜು ತಾಳಿಕೊಳ್ಳುವುದೇ ಸುಮಾರು 40 ಡಿಗ್ರಿಯ ವ್ಯತ್ಯಾಸ, ಅದೂ ಅಂಚು ಸರಿ ಇದ್ದರೆ. ಚಕ್ಕೆ ಎದ್ದ ಹಳೇ ಗಾಜಿಗೆ ಅಷ್ಟೂ ಬೇಕಾಗಿಲ್ಲ. ಅದಕ್ಕೆ ಬೆಳಿಗ್ಗೆ ಪಶ್ಚಿಮದ ಕಿಟಕಿಗಳು, ಬಿಸಿಲು ಆ ಕಡೆ ತಿರುಗಿ ಗೋಡೆ ಆರಿದ ಮೇಲೆ ಸಂಜೆ ಪೂರ್ವದವು, ನಡುಮಧ್ಯಾಹ್ನ ಏನೂ ಇಲ್ಲ. ನೀರನ್ನು ರಾತ್ರಿಯೇ ಬಕೆಟ್‌ನಲ್ಲಿ ತುಂಬಿ ಪಡಸಾಲೆಯಲ್ಲಿ ಇಟ್ಟಿದ್ದೆವು. ಪೈಪಿನಿಂದ ಚಿಮ್ಮಿಸುವ ಮಾತೇ ಇಲ್ಲ, ಹಿಂಡಿದ ಹತ್ತಿ ಬಟ್ಟೆ ಅಷ್ಟೇ, ಒತ್ತಡ ಹಾಕದೆ. ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ಕೊನೆಯ ಒರೆಸುವಿಕೆಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರು. ಬ್ಲೇಡ್ ಬಳಸಲಿಲ್ಲ. ಚೌಕಟ್ಟಿನ ಹಳೇ ಬಣ್ಣವನ್ನು ಒಣಗಿದ್ದಾಗ ಕೆರೆಯಲೂ ಇಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದೆ ಅಂತಲೇ ತಿಳಿದು ನಡೆಯಬೇಕು. ಕೆರೆದರೆ ಆ ವಿಷ ಧೂಳಾಗಿ ಹಾರುತ್ತದೆ, ಮದುವೆ ಮನೆ ತುಂಬಾ ಮಕ್ಕಳು ಓಡಾಡುತ್ತಿದ್ದವು.

ಕೆಲಸ ಮುಗಿಯಿತು. ಮತ್ತೆ ಕಾಕಾ ಅವರ ಜೊತೆ ಕಿಟಕಿಯಿಂದ ಕಿಟಕಿಗೆ ಅದೇ ನಡಿಗೆ, ಅದೇ ನಂಬರಿನ ಕ್ರಮ, ಅದೇ ಥರದ ವಿಡಿಯೋ. ಪಟ್ಟಿಯ ಕೊನೆಗೆ "ಎಲ್ಲ ಗಾಜು ನೋಡಿ ವಹಿಸಿಕೊಂಡಿದ್ದೇವೆ" ಅಂತ ಬರೆದು ದಿನ, ಹೊತ್ತು ಹಾಕಿ ಸಹಿ ಮಾಡಿದರು. ಕೊನೆಯ ಕಂತು ಮದುವೆ ಆದ ಮೇಲೆ ಅಂತ ಮಾತಾಗಿತ್ತು.

ಮದುವೆಯ ಹಿಂದಿನ ರಾತ್ರಿ ಫೋನ್ ಬಂತು. ಮುಂಬಾಗಿಲ ಮೇಲಿನ ಕಮಾನಿನ ಹಸಿರು ಗಾಜು ಸೀಳಿದೆ. ಅದು ನಮ್ಮ ಪಟ್ಟಿಯಲ್ಲಿ "ಗಟ್ಟಿ" ಅಂತ ಇದ್ದದ್ದು, ನೀರಿನಿಂದ ತೊಳೆದದ್ದು. ಅಳಿಯಂದಿರೊಬ್ಬರು ಸಿಟ್ಟಿನಲ್ಲಿ, "ನೀವ್ ತಿಕ್ಕಿದ್ದಕ್ಕ ಹೋಗ್ಯದ, ಬಿಲ್ಲಿನ್ಯಾಗ ಹಿಡಕೋತೀವಿ" ಅಂದರು. ಫೋನಿನಲ್ಲಿ ವಾದ ಮಾಡಲಿಲ್ಲ. ಗಾಜನ್ನು ಯಾರೂ ಮುಟ್ಟಬೇಡಿ, ಕೆಳಗೆ ಯಾರೂ ನಿಲ್ಲಬೇಡಿ, ಬರುತ್ತೇನೆ ಅಂದೆ.

ಹೋಗಿ ನೋಡಿದರೆ ಕಮಾನಿನ ಪಕ್ಕದಲ್ಲೇ, ಒಂದು ಗೇಣೂ ದೂರವಿಲ್ಲದ ಹಾಗೆ, ಹ್ಯಾಲೋಜನ್ ಫೋಕಸ್ ಲೈಟು ಕಟ್ಟಿದ್ದರು. ಹಸಿರು ಗಾಜಿನ ಅರ್ಧಕ್ಕೆ ನೇರ ಶಾಖ, ಉಳಿದರ್ಧ ಚೌಕಟ್ಟಿನ ನೆರಳಲ್ಲಿ ತಣ್ಣಗೆ. ಬಿರುಕನ್ನು ಟಾರ್ಚ್ ಹಾಕಿ ನೋಡಿದೆ. ಪೆಟ್ಟಿನಿಂದ ಒಡೆದರೆ ಪೆಟ್ಟು ಬಿದ್ದ ಜಾಗದಿಂದ ಸುತ್ತಲೂ ನಕ್ಷತ್ರದ ಹಾಗೆ ಗೆರೆ ಹರಡುತ್ತದೆ. ಶಾಖದಿಂದ ಬಿಟ್ಟ ಬಿರುಕು ಅಂಚಿನಲ್ಲಿ ಶುರುವಾಗುತ್ತದೆ, ಅದೂ ಅಂಚಿಗೆ ನೇರ ಲಂಬವಾಗಿ, ಆಮೇಲೆ ಒಳಗೆ ಹೋಗಿ ಬಾಗುತ್ತದೆ. ಇದು ಅಂಥದ್ದೇ. ಪೆಟ್ಟಿನ ಚುಕ್ಕೆ ಎಲ್ಲೂ ಇರಲಿಲ್ಲ.

ಅಳಿಯಂದಿರಿಗೆ ಇದನ್ನೆಲ್ಲ ವಿವರಿಸಿ ಗೆಲ್ಲಬೇಕು ಅಂತ ನನಗೆ ಅನ್ನಿಸಲಿಲ್ಲ. ವಹಿಸಿಕೊಟ್ಟ ದಿನದ ವಿಡಿಯೋ ಹಾಕಿದೆ. ಅದರಲ್ಲಿ ಕಾಕಾ ಅವರೇ ಆ ಹಸಿರು ಗಾಜಿನ ಕೆಳಗೆ ನಿಂತು, "ಇದು ಛಲೋ ಆಗ್ಯದ ನೋಡ್ರಿ" ಅನ್ನುತ್ತಿದ್ದರು. ಕಾಕಾ ನೋಡಿ, "ಇವರದೇನೂ ಇಲ್ಲ ಬಿಡ್ರಿ" ಅಂದರು. ಲೈಟನ್ನು ಆರಿಸಿ, ಗಾಜು ಆರಿದ ಮೇಲೆ ಎರಡೂ ಕಡೆ ಪಾರದರ್ಶಕ ಹಾಳೆ ಇಟ್ಟು ಕಟ್ಟಿ, ಮದುವೆ ಮುಗಿಯುವ ತನಕ ಬೀಳದ ಹಾಗೆ ಮಾಡಿಕೊಟ್ಟೆವು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಗಾಜಿನ ದುಡ್ಡನ್ನು ಮಾತ್ರ ಅರ್ಧವೂ ಕೊಡಲಿಲ್ಲ. ಹೋಗಲಿ ಅಂತ ಅರ್ಧ ಕೊಟ್ಟುಬಿಡಿ ಅನ್ನುವವರು ಇದ್ದೇ ಇರುತ್ತಾರೆ. ಹಾಗೆ ಕೊಟ್ಟರೆ ತಪ್ಪು ನಮ್ಮದೇ ಅಂತ ಒಪ್ಪಿಕೊಂಡ ಹಾಗಾಗುತ್ತದೆ, ಮುಂದಿನ ಮನೆಯಲ್ಲಿ ಅದೇ ಮಾತು ನಮಗಿಂತ ಮುಂಚೆ ಹೋಗಿ ಕೂತಿರುತ್ತದೆ. ಸಹಾಯ ಬೇರೆ, ಹೊಣೆ ಬೇರೆ ಅನ್ನುವುದು ಎದುರಿನವರಿಗೆ ಕಾಣುವ ಹಾಗೆ ನಡೆದುಕೊಳ್ಳಬೇಕು. ಲೈಟಿನವರ ಜೊತೆ ಅವರು ಏನು ಮಾತಾಡಿಕೊಂಡರೋ, ನಾವು ಕೇಳಲಿಲ್ಲ.

ಮದುವೆ ಆದ ಮೇಲೆ ಕೊನೆಯ ಕಂತು ಪೂರ್ತಿ ಬಂತು. ಹೊಸ ಹಸಿರು ಗಾಜು ಮನೆಯವರ ಖರ್ಚಿನಲ್ಲೇ ಕೂತಿತು, ಬಣ್ಣ ಒಂದು ಛಾಯೆ ತಿಳಿ. ಅಗಸೆ ಎಣ್ಣೆಯ ಪುಟ್ಟಿ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಅಲ್ಲಿಯ ತನಕ ಅದಕ್ಕೆ ಬಟ್ಟೆ ತಾಗಿಸಬೇಡಿ ಅಂತ ಹೇಳಿ ಬಂದೆವು. ನಮ್ಮ ಕಾಗದದಲ್ಲಿ ಈಗ ಒಂದು ಸಾಲು ಹೊಸದಾಗಿ ಸೇರಿದೆ: ವಹಿಸಿಕೊಂಡ ಮೇಲೆ ಗಾಜಿನ ಹತ್ತಿರ ಲೈಟು, ಒಲೆ, ಪೆಂಡಾಲಿನ ಕೊಳವೆ ಏನನ್ನೇ ಕಟ್ಟಿದರೂ ಅದರ ಹೊಣೆ ಕಟ್ಟಿಸಿದವರದು. ಗಾಜಿನ ಪಟ್ಟಿಯ ಒಂದು ಪ್ರತಿಯನ್ನು ಕಾಕಾ ಕೇಳಿ ತೆಗೆದುಕೊಂಡು ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದಾರೆ. ಮುಂದೆ ಯಾರೇ ತೊಳೆಯಲು ಬಂದರೂ ಯಾವ ಗಾಜು ಸಡಿಲ, ಯಾವುದನ್ನು ಮುಟ್ಟಬಾರದು ಅನ್ನುವುದು ಅದರಲ್ಲಿದೆ.